ಮೊಸಳೆಗಳ ಕಾಡಿಗೆ ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ಒಡಿಶಾಕ್ಕೆ ಹೊರಟಿದ್ದೇವೆ. ಪುರಿ, ಕೊನಾರ್ಕ್ ನೋಡಿಕೊಂಡು ಎರಡು ದಿನ ಭಿತರ್‌ಕನಿಕಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಯೋಚನೆ. ಮಗಳಿಗೆ 9 ವರ್ಷ, ಮೊಸಳೆ ಅಂದರೆ ಪ್ರಾಣ. ಮಗನಿಗೆ 4, ಒಂದು ಕಡೆ ಕೂರುವ ಜಾತಿಯಲ್ಲ. ಮೊನ್ನೆ ನಮ್ಮ ಬಂಧುಗಳ ಗುಂಪಿಗೆ ಯಾರೋ ಒಂದು ವಿಡಿಯೋ ಕಳಿಸಿದರು. ಅದರಲ್ಲಿ ಮೊಸಳೆ ನೀರಿನಿಂದ ಚಿಮ್ಮಿ ದೋಣಿಯ ಅಂಚಿಗೆ ಬಾಯಿ ಹಾಕುತ್ತದೆ. ಅದನ್ನು ನೋಡಿದ ಮೇಲೆ ಅತ್ತೆ 'ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಲೇಬೇಡಿ' ಅನ್ನುತ್ತಿದ್ದಾರೆ. ಅಲ್ಲಿ ಹುಲಿಯೂ ಇದೆಯಂತೆ, ಸೊಳ್ಳೆ ಕಚ್ಚಿದರೆ ಮಲೇರಿಯಾ ಗ್ಯಾರಂಟಿಯಂತೆ. ಗಂಡ 'ಏನೂ ಆಗಲ್ಲ ಬಾ' ಅನ್ನುತ್ತಾರೆ, ಆದರೆ ಅವರು ಎಲ್ಲದಕ್ಕೂ ಹಾಗೇ ಅನ್ನುತ್ತಾರೆ. ಹೋಗಬಹುದಾ? ಹೋದರೆ ಎಲ್ಲಿ ಉಳಿಯಬೇಕು, ಎಷ್ಟು ಹೊತ್ತು ದೋಣಿಯಲ್ಲಿರಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಕಲೆಸಿಹೋಗಿವೆ. ಒಂದು ಮೊಸಳೆಯದು, ಇನ್ನೊಂದು ಒಂದು ಕಡೆ ಕೂರದ ಮಗನದು. ಭಿತರ್‌ಕನಿಕಾದಂಥ ಕಾಂಡ್ಲಾ ಕಾಡುಗಳಲ್ಲಿ (ಕಡಲಂಚಿನ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು) ಮಕ್ಕಳ ಗುಂಪುಗಳನ್ನು ಸುತ್ತಾಡಿಸಿದ ಅನುಭವದಿಂದ ಹೇಳುವುದಾದರೆ, ನಾನು ಜಾಸ್ತಿ ಯೋಚಿಸುವುದು ಎರಡನೆಯದರ ಬಗ್ಗೆ. ಹೋಗಬಹುದು. ಆದರೆ ಹೇಗೆ ಹೋಗುತ್ತೀರಿ ಅನ್ನುವುದು ಮುಖ್ಯ.

ಮೊದಲು ಹುಲಿಯನ್ನು ಲೆಕ್ಕದಿಂದ ತೆಗೆದುಬಿಡೋಣ. ಭಿತರ್‌ಕನಿಕಾದಲ್ಲಿ ಹುಲಿ ಇಲ್ಲ. ಕಾಂಡ್ಲಾ ಕಾಡು ಅಂದ ಕೂಡಲೇ ಜನ ಸುಂದರಬನ ಅಂದುಕೊಳ್ಳುತ್ತಾರೆ, ಅಲ್ಲಿಯ ಹುಲಿಯನ್ನು ಇಲ್ಲಿಗೂ ತಂದುಬಿಡುತ್ತಾರೆ. ಇಲ್ಲಿರುವುದು ಮೀನುಬೆಕ್ಕು, ಕಾಡುಹಂದಿ, ಚುಕ್ಕಿ ಜಿಂಕೆ, ಕಡವೆ, ಕೋತಿ. ಹೆಬ್ಬಾವು, ಕಾಳಿಂಗ ಸರ್ಪ ಇವೆ. ಒಂದೂವರೆ ಮೀಟರ್ ಉದ್ದದ ನೀರು ಉಡ ದಡದಲ್ಲಿ ನಡೆದು ಹೋಗುವಾಗ 'ಮೊಸಳೆ ಮರಿ!' ಎಂದು ಅರ್ಧ ದೋಣಿ ಕೂಗುತ್ತದೆ. ಅದು ಉಡ, ಅದರ ಪಾಡಿಗೆ ಅದು ಹೋಗುತ್ತದೆ.

ಇನ್ನು ಮೊಸಳೆ. ಇದು ರಂಗನತಿಟ್ಟು, ದಾಂಡೇಲಿಯಲ್ಲಿ ನಾವು ನೋಡುವ ಮೊಸಳೆಯಲ್ಲ. ಅದು ಮಗ್ಗರ್, ಸಿಹಿನೀರಿನದು. ಭಿತರ್‌ಕನಿಕಾದ್ದು ಉಪ್ಪುನೀರಿನ ಮೊಸಳೆ, ಒಡಿಯಾದಲ್ಲಿ ಬೌಲಾ. ಜಗತ್ತಿನಲ್ಲಿ ಈಗ ಬದುಕಿರುವ ಸರೀಸೃಪಗಳಲ್ಲಿ ಇದೇ ದೊಡ್ಡದು. ಬೆಳೆದ ಗಂಡು ಐದು ಮೀಟರ್ ದಾಟಬಹುದು. 1970ರ ದಶಕದ ಮಧ್ಯದಲ್ಲಿ ಇಲ್ಲಿ ನೂರು ಮೊಸಳೆಯೂ ಉಳಿದಿರಲಿಲ್ಲ. 1975ರಲ್ಲಿ ಉದ್ಯಾನದೊಳಗಿನ ದಾಂಗಮಾಲ್‌ನಲ್ಲಿ ಮೊಟ್ಟೆಗಳನ್ನು ತಂದು ಮರಿ ಮಾಡಿಸಿ, ಸಾಕಿ, ನದಿಗೆ ಬಿಡುವ ಯೋಜನೆ ಶುರುವಾಯಿತು. ಈಗ ಗಣತಿಯಲ್ಲಿ ಸಿಗುವ ಸಂಖ್ಯೆ 1,700ಕ್ಕೂ ಜಾಸ್ತಿ. ಆದ್ದರಿಂದ ನಿಮ್ಮ ಮಗಳಿಗೆ ಮೊಸಳೆ ಕಾಣುತ್ತದಾ ಅನ್ನುವ ಅನುಮಾನ ಬೇಡ. ಡಿಸೆಂಬರ್ ಬಿಸಿಲಿಗೆ ಕೆಸರಿನ ದಡದ ಮೇಲೆ ಮರದ ದಿಮ್ಮಿಗಳ ಹಾಗೆ ಬಿದ್ದುಕೊಂಡಿರುತ್ತವೆ.

ನೀವು ನೋಡಿದ ವಿಡಿಯೋ ಎಲ್ಲಿಯದೋ ಗೊತ್ತಿಲ್ಲ, ಆದರೆ ಅಂಥದ್ದು ಸುಳ್ಳೇ ಆಗಿರಬೇಕೆಂದಿಲ್ಲ. ಉಪ್ಪುನೀರಿನ ಮೊಸಳೆ ಬಾಲದ ಬಲದಿಂದ ನೀರಿನ ಮೇಲೆ ನೆಟ್ಟಗೆ ಚಿಮ್ಮಬಲ್ಲದು. ಹೊರದೇಶಗಳ ಕೆಲವು ನದಿಗಳಲ್ಲಿ ಕೋಲಿಗೆ ಮಾಂಸ ಕಟ್ಟಿ, ಪ್ರವಾಸಿಗರ ಎದುರು ಮೊಸಳೆಯನ್ನು ಹಾರಿಸುವುದೇ ಒಂದು ವ್ಯಾಪಾರ. ಅಲ್ಲಿ ದೋಣಿ ಬಂದರೆ ಊಟ ಬಂತು ಎಂದು ಮೊಸಳೆ ಕಲಿತಿರುತ್ತದೆ. ಭಿತರ್‌ಕನಿಕಾದಲ್ಲಿ ಆ ಅಭ್ಯಾಸ ಇಲ್ಲ. ನಾವು ಕಲಿಸಲೂಬಾರದು. ನಿಮ್ಮ ದೋಣಿಯಿಂದ ಒಂದು ಬಿಸ್ಕತ್ತೂ ನೀರಿಗೆ ಬೀಳದ ಹಾಗೆ ನೋಡಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ಅಲ್ಲಿ ಮೊಸಳೆ ಯಾರನ್ನೂ ಹಿಡಿಯುವುದಿಲ್ಲವಾ? ಹಿಡಿಯುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಜನ ಸತ್ತಿದ್ದಾರೆ, ದನಗಳನ್ನು ಎಳೆದುಕೊಂಡು ಹೋಗಿವೆ. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳುವುದು ಸರಿಯಲ್ಲ. ಆದರೆ ಆ ಸಾವುಗಳು ಎಲ್ಲಿ ಆಗುತ್ತವೆ ಅಂತ ಸ್ವಲ್ಪ ನೋಡಿ. ಪಾತ್ರೆ ತೊಳೆಯುವ ಘಟ್ಟದಲ್ಲಿ, ಸ್ನಾನ ಮಾಡುವಲ್ಲಿ, ಏಡಿ ಮೀನು ಹಿಡಿಯಲು ಸೊಂಟದ ತನಕ ನೀರಿಗೆ ಇಳಿದಲ್ಲಿ. ಮೊಸಳೆ ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವ ಪ್ರಾಣಿಯಲ್ಲ, ಕಾದು ಕೂತು ಹಿಡಿಯುವ ಪ್ರಾಣಿ. ನೀರು ಮತ್ತು ನೆಲ ಸೇರುವ ಆ ಒಂದೆರಡು ಮೀಟರ್ ಅದರ ಅಡುಗೆಮನೆ. ಅದೇ ಜಾಗಕ್ಕೆ ಅದೇ ಹೊತ್ತಿಗೆ ದಿನವೂ ಯಾರಾದರೂ ಬಗ್ಗಿದರೆ ಅದನ್ನು ಗಮನಿಸಿಟ್ಟುಕೊಳ್ಳುತ್ತದೆ. ಅದಕ್ಕೇ ಅರಣ್ಯ ಇಲಾಖೆ ಹಲವು ಹಳ್ಳಿಗಳ ಸ್ನಾನಘಟ್ಟಗಳಿಗೆ ನೀರಿನೊಳಗೆ ಬೇಲಿ ಹಾಕಿಸಿದೆ. ಎತ್ತರದ ಅಂಚಿರುವ, ಮೋಟಾರು ಗುಡುಗುಡು ಎನ್ನುವ ದೊಡ್ಡ ದೋಣಿ ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಅದರ ಸದ್ದಿಗೆ ಎಷ್ಟೋ ಮೊಸಳೆಗಳು ಬೇಸರದಿಂದ ನೀರಿಗೆ ಜಾರಿಬಿಡುತ್ತವೆ.

ಇಲ್ಲಿಂದ ನಿಮಗೆ ಬೇಕಾದ ಮೂರು ಮಾತು ಹೊರಡುತ್ತವೆ. ಕಡಿಮೆ ದುಡ್ಡಿಗೆ ಸಣ್ಣ ಹುಟ್ಟಿನ ದೋಣಿಯಲ್ಲಿ ಕಿರಿದಾದ ಕೊಲ್ಲಿಯೊಳಗೆ ಕರೆದುಕೊಂಡು ಹೋಗುತ್ತೇನೆ ಎಂದು ಯಾರಾದರೂ ಬಂದರೆ ಬೇಡ ಅನ್ನಿ. ಪರವಾನಗಿ ಇರುವ ದೊಡ್ಡ ದೋಣಿಯನ್ನೇ ಹಿಡಿಯಿರಿ. ಎರಡನೆಯದು, ದೋಣಿಯಲ್ಲಿ ಇರುವಷ್ಟು ಹೊತ್ತೂ ಕೈ ಕಾಲು ಒಳಗೆ. ನೀರು ಮುಟ್ಟಿ ನೋಡುವುದು, ಬಾಟಲಿ ತೊಳೆಯುವುದು ಇಲ್ಲ. ಮೂರನೆಯದನ್ನು ಯಾರೂ ಹೇಳುವುದಿಲ್ಲ: ದೋಣಿ ಹತ್ತುವ, ಇಳಿಯುವ ಆ ಎರಡು ನಿಮಿಷ. ಕಟ್ಟೆಯ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತಿರುತ್ತದೆ. ಎಲ್ಲರೂ ಬ್ಯಾಗು ಹುಡುಕುತ್ತಿರುತ್ತಾರೆ, ಯಾರೋ 'ನಿಲ್ಲಿ, ಒಂದು ಫೋಟೋ' ಅನ್ನುತ್ತಾರೆ. ನಾಲ್ಕು ವರ್ಷದವನು ಅಷ್ಟರಲ್ಲಿ ಕೊನೆಯ ಮೆಟ್ಟಿಲಿನಲ್ಲಿ ನೀರು ನೋಡುತ್ತಾ ನಿಂತಿರುತ್ತಾನೆ. ನನ್ನ ಎದೆ ಬಡಿದುಕೊಂಡಿರುವುದೆಲ್ಲ ಇಂಥ ಹೊತ್ತಿನಲ್ಲೇ. ಅವನನ್ನು ಒಬ್ಬರು ಎತ್ತಿಕೊಂಡೇ ಹತ್ತಿ, ಎತ್ತಿಕೊಂಡೇ ಇಳಿಯಿರಿ. ಸಾಮಾನು ಆಮೇಲೆ.

ಮೊಸಳೆ ಅಟ್ಟಿಸಿಕೊಂಡು ಬಂದರೆ ಅಂಕುಡೊಂಕಾಗಿ ಓಡಬೇಕು ಎಂದು ನಿಮ್ಮ ಮಗಳು ಎಲ್ಲೋ ಓದಿರಬಹುದು. ಅದು ಬರೀ ಕಥೆ. ನೆಲದ ಮೇಲೆ ಮೊಸಳೆ ಬಹಳ ದೂರ ಓಡುವುದಿಲ್ಲ. ನೀರಿನಿಂದ ದೂರಕ್ಕೆ ನೆಟ್ಟಗೆ ಹೋದರೆ ಸಾಕು. 'ಮೊಸಳೆ ಕಣ್ಣೀರು' ಉಪ್ಪು ಹೊರಹಾಕಲು ಅನ್ನುವುದೂ ಹಾಗೇ. ಮೊಸಳೆ ಮೈಯ ಹೆಚ್ಚುವರಿ ಉಪ್ಪನ್ನು ಹೊರಹಾಕುವುದು ನಾಲಿಗೆಯ ಮೇಲಿನ ಗ್ರಂಥಿಗಳಿಂದ. ಇದನ್ನು ಮಗಳಿಗೆ ಹೇಳಿ. ದೋಣಿಯಲ್ಲಿ ಪಕ್ಕದವರಿಗೆ ಅವಳೇ ಪಾಠ ಮಾಡುತ್ತಾಳೆ.

ಈಗ ಲೈಫ್ ಜಾಕೆಟ್. ಇಲ್ಲಿ ನಾನು ಸ್ವಲ್ಪ ಹಟಮಾರಿ. ದೋಣಿಗಳಲ್ಲಿ ಸಿಗುವುದು ಸಾಮಾನ್ಯವಾಗಿ ದೊಡ್ಡವರ ಅಳತೆ. ಅದನ್ನು ಮಗುವಿಗೆ ಹಾಕಿ ದಾರ ಬಿಗಿದರೆ ನಮಗೆ ಸಮಾಧಾನ ಆಗುತ್ತದೆ, ಅಷ್ಟೇ. ಮಗು ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಪರೀಕ್ಷೆ ಸುಲಭ: ಜಾಕೆಟ್ ಹಾಕಿಸಿ, ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಅದು ಗಲ್ಲ, ಕಿವಿಯ ತನಕ ಏರಿದರೆ ಅಳತೆ ಸರಿಯಿಲ್ಲ. ಮಗನ ತೂಕಕ್ಕೆ ತಕ್ಕದ್ದನ್ನು, ಕಾಲುಗಳ ನಡುವೆ ಬರುವ ಪಟ್ಟಿ ಇರುವುದನ್ನು ಊರಿನಿಂದಲೇ ಕೊಂಡು ಹೋಗಿ. ಮಗನನ್ನು ಹಗ್ಗದಿಂದ ದೋಣಿಗೆ ಕಟ್ಟಬೇಡಿ. ಕೆಲವರು ಜಾಣತನ ಅಂದುಕೊಂಡು ಹಾಗೆ ಮಾಡುತ್ತಾರೆ. ದೋಣಿ ವಾಲಿದರೆ ಅದೇ ಉರುಳಾಗುತ್ತದೆ.

ಮಲೇರಿಯಾ ಗ್ಯಾರಂಟಿ ಅನ್ನುವುದು ಅತಿಯಾಯಿತು. ಒಡಿಶಾದಲ್ಲಿ ಮಲೇರಿಯಾದ ಕಾಟ ಬಹುಕಾಲದಿಂದ ಜಾಸ್ತಿ ಇರುವುದು ದಕ್ಷಿಣದ ಗುಡ್ಡಗಾಡು ಜಿಲ್ಲೆಗಳಲ್ಲಿ. ಭಿತರ್‌ಕನಿಕಾ ಇರುವ ಕೇಂದ್ರಪಾಡಾ ಕರಾವಳಿ ಜಿಲ್ಲೆ. ಆದರೂ ಸಂಜೆ ಸೊಳ್ಳೆ ಮುತ್ತುತ್ತವೆ. ಉದ್ದ ತೋಳಿನ ಅಂಗಿ, ಮಲಗುವಾಗ ಪರದೆ, ಮಕ್ಕಳ ಡಾಕ್ಟರ್ ಒಪ್ಪಿದ ಸೊಳ್ಳೆ ಮುಲಾಮು, ಇಷ್ಟು ಸಾಕು. ಮುಲಾಮನ್ನು ಮಗನ ಅಂಗೈಗೆ ಹಚ್ಚಬೇಡಿ, ಅದು ಸೀದಾ ಬಾಯಿಗೆ ಹೋಗುತ್ತದೆ. ವಾಪಸ್ ಬಂದ ಮೇಲೆ ಒಂದು ತಿಂಗಳೊಳಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ಡಾಕ್ಟರಿಗೆ ಹೇಳಿ.

ನನ್ನನ್ನು ಕೇಳಿದರೆ ಅಲ್ಲಿ ಮಕ್ಕಳನ್ನು ಕಚ್ಚುವ ಸಾಧ್ಯತೆ ಮೊಸಳೆಗಿಂತ ಕೋತಿಗೇ ಜಾಸ್ತಿ. ಕೈಯಲ್ಲಿ ಪೊಟ್ಟಣ ಹಿಡಿದ ಮಗುವೇ ಅದರ ಗುರಿ. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ರೇಬೀಸ್ ಲಸಿಕೆಗೆ ಹೋಗಬೇಕು. 'ಸಣ್ಣ ಗಾಯ, ಬಿಡಿ' ಅನ್ನುವ ಹಾಗಿಲ್ಲ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಏನೂ ಬೇಡ. ಆ ಕೈ ಅಥವಾ ಕಾಲು ಅಲುಗಾಡದ ಹಾಗೆ ಹಿಡಿದು ಆಸ್ಪತ್ರೆಗೆ ಓಡಿ. ಡಿಸೆಂಬರಿನಲ್ಲಿ ಹಾವು ಕಾಣುವುದೂ ಕಡಿಮೆ, ಆದರೆ ಸಂಜೆಯ ಮೇಲೆ ಬ್ಯಾಟರಿ ಇಲ್ಲದೆ, ಮುಚ್ಚಿದ ಷೂ ಇಲ್ಲದೆ ಅಂಗಳಕ್ಕೂ ಬಿಡಬೇಡಿ.

ಒಂದು ಮರದ ಬಗ್ಗೆ ಹೇಳಲೇಬೇಕು. ಕಾಂಡ್ಲಾ ಕಾಡಿನಲ್ಲಿ ಎಕ್ಸಿಕೇರಿಯಾ ಅನ್ನುವ ಮರ ಇದೆ. ಚಳಿಗಾಲ, ಬೇಸಿಗೆಯಲ್ಲಿ ಅದರ ಹಣ್ಣೆಲೆ ಕೆಂಪಾಗಿ ಚೆಂದ ಕಾಣುತ್ತದೆ, ಮಕ್ಕಳು ಕೀಳಲು ಹೋಗುತ್ತಾರೆ. ಕಿತ್ತಲ್ಲಿ ಬರುವ ಬಿಳಿ ಹಾಲು ಕಣ್ಣಿಗೆ ತಾಗಿದರೆ ಸ್ವಲ್ಪ ಹೊತ್ತು ಕಣ್ಣೇ ಕಾಣದ ಹಾಗೆ ಆಗಬಹುದು. ಚರ್ಮದ ಮೇಲೆ ಗುಳ್ಳೆ ಏಳುತ್ತದೆ. ಯಾವ ಮರ ಯಾವುದು ಎಂದು ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಆದ್ದರಿಂದ ನಿಯಮ ಒಂದೇ: ನೋಡುವುದು, ಕೀಳುವುದಿಲ್ಲ. ಸೂಜಿಯ ಹಾಗೆ ನೆಲದಿಂದ ಮೇಲೆದ್ದ ಉಸಿರುಬೇರುಗಳ ಮೇಲೆ ಎಡವಿ ಬಿದ್ದರೂ ಮೊಣಕಾಲು ಕೆತ್ತಿಹೋಗುತ್ತದೆ. ಹಾಗಾಗಿ ಚಪ್ಪಲಿ ಬೇಡ.

ಈಗ ಎರಡನೆಯ ಭಯಕ್ಕೆ ಬರುತ್ತೇನೆ. ಒಮ್ಮೆ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಕಾಂಡ್ಲಾ ಕೊಲ್ಲಿಯೊಂದಕ್ಕೆ ಹೋಗಿದ್ದೆ. ಇಳಿತದ ಹೊತ್ತನ್ನು ನಾನು ಸರಿಯಾಗಿ ಕೇಳಿಕೊಂಡಿರಲಿಲ್ಲ. ತಪ್ಪು ನನ್ನದೇ. ನೀರು ಇಳಿದು ದೋಣಿ ಕೆಸರಿನಲ್ಲಿ ಕೂತುಬಿಟ್ಟಿತು. ಉಬ್ಬರ ಬರುವ ತನಕ ಎರಡು ಗಂಟೆಗೂ ಜಾಸ್ತಿ ಅಲ್ಲೇ. ಅಪಾಯ ಏನೂ ಇರಲಿಲ್ಲ. ಆದರೆ ಬಿಸಿಲು, ಖಾಲಿಯಾದ ನೀರಿನ ಬಾಟಲಿ, ಒಂದರ ಹಿಂದೆ ಒಂದು 'ಸಾರ್, ಒಂದಕ್ಕೆ' ಎಂಬ ಕೂಗು. ಮಕ್ಕಳು ಎದ್ದು ಆಚೆ ಈಚೆ ಓಡತೊಡಗಿದರು, ದೋಣಿ ಅಲುಗಾಡಿತು. ಅವತ್ತು ಕಲಿತೆ. ಮಕ್ಕಳಿಗೆ ಸಾಕಾಯಿತು ಅಂದರೆ ಸುರಕ್ಷತೆಯೂ ಅಲ್ಲಿಗೆ ಮುಗಿಯಿತು.

ಆ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ನೀರು ಇಳಿದಾಗ ಕೆಸರಿನ ದಡ ತೆರೆದುಕೊಳ್ಳುತ್ತದೆ, ಮೊಸಳೆ ಚೆನ್ನಾಗಿ ಕಾಣುತ್ತದೆ, ಆದರೆ ಸಣ್ಣ ಕೊಲ್ಲಿಗಳಿಗೆ ದೋಣಿ ಹೋಗಲಾಗದು. ಉಬ್ಬರದಲ್ಲಿ ದೋಣಿ ಎಲ್ಲ ಕಡೆ ಹೋಗುತ್ತದೆ, ದಡ ಮುಳುಗಿರುತ್ತದೆ. ಹಿಂದಿನ ದಿನವೇ ದೋಣಿಯವರನ್ನು 'ನಾಳೆ ಇಳಿತ ಎಷ್ಟು ಹೊತ್ತಿಗೆ?' ಎಂದು ಕೇಳಿ, ಹೊರಡುವ ಹೊತ್ತು ಗೊತ್ತು ಮಾಡಿ. ತೀರಾ ಬೆಳಗಿನ ಜಾವಕ್ಕೆ ಹೊರಡುವ ಆಸೆ ಬೇಡ. ಡಿಸೆಂಬರಿನಲ್ಲಿ ಮಂಜು ಕವಿದಿರುತ್ತದೆ, ನೀರಿನ ಮೇಲೆ ಚಳಿ ಕೊರೆಯುತ್ತದೆ. ಮೊಸಳೆಯೂ ಬಿಸಿಲು ಕಾಯಿಸಲು ಬರುವುದು ಸೂರ್ಯ ಸ್ವಲ್ಪ ಮೇಲೆ ಬಂದ ಮೇಲೆಯೇ.

ನಾಲ್ಕು ವರ್ಷದವನಿಗೆ ಒಂದು ಸಲಕ್ಕೆ ಒಂದೂವರೆ ಗಂಟೆ ದೋಣಿ ಸಾಕು. ಹತ್ತುವ ಮೊದಲು ಶೌಚಾಲಯ. ದೋಣಿಯಲ್ಲಿ ಅದು ಇರುತ್ತದೆಂದು ನಂಬಬೇಡಿ, ಅಗಲ ಬಾಯಿಯ ಬಾಟಲಿ ಒಂದು ಇರಲಿ. ಕುಡಿಯುವ ನೀರು ಅಂದಾಜಿಗಿಂತ ದುಪ್ಪಟ್ಟು. ಸುತ್ತ ನೀರೇ ನೀರು, ಎಲ್ಲ ಉಪ್ಪು. ಇನ್ನೊಂದು, ಮಗನನ್ನು ನೋಡಿಕೊಳ್ಳುವ ಕೆಲಸ ಅರ್ಧ ಗಂಟೆ ನಿಮ್ಮದು, ಅರ್ಧ ಗಂಟೆ ನಿಮ್ಮ ಗಂಡನದು ಎಂದು ಬಾಯಿಬಿಟ್ಟು ಹಂಚಿಕೊಳ್ಳಿ. ಇಬ್ಬರೂ ನೋಡುತ್ತಿದ್ದಾರೆ ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಅರ್ಥ. ಸರದಿ ಇದ್ದವರ ಕೈಯಲ್ಲಿ ಫೋನು ಇರಬಾರದು.

ಮಗನಿಗೆ ಬೇಸರವಾಗುತ್ತದೆ ಅನ್ನುವ ಚಿಂತೆಗೆ ಔಷಧ ಮೊಸಳೆಯಲ್ಲ. ಮಲಗಿದ ಮೊಸಳೆ ಚಿಕ್ಕವರಿಗೆ ಎರಡು ನಿಮಿಷದ ಸೋಜಿಗ. 'ಅದು ಯಾಕೆ ಅಲುಗಾಡಲ್ಲ?' ಅಲ್ಲಿಗೆ ಮುಗಿಯಿತು. ಕೆಸರಿನ ಮೇಲೆ ರೆಕ್ಕೆ ಊರಿಕೊಂಡು ನೆಗೆಯುವ ಮೀನು ತೋರಿಸಿ. ಒಂದೇ ಒಂದು ದೊಡ್ಡ ಕೊಂಡಿ ಎತ್ತಿ 'ಬಾ ಬಾ' ಎಂದು ಕರೆಯುವ ಗಂಡು ಏಡಿ ತೋರಿಸಿ. ಗಂಟೆಗಟ್ಟಲೆ ಕೂರುತ್ತಾನೆ. ಮಗಳಿಗೆ ಮಿಂಚುಳ್ಳಿ ಲೆಕ್ಕ ಕೊಡಿ. ಭಿತರ್‌ಕನಿಕಾದಲ್ಲಿ ಎಂಟು ಬಗೆಯ ಮಿಂಚುಳ್ಳಿಗಳಿವೆ, ಎರಡು ದಿನದಲ್ಲಿ ನಾಲ್ಕೈದು ಸಿಕ್ಕರೂ ಗೆದ್ದ ಹಾಗೆ. ಕೆಲವು ಕಾಂಡ್ಲಾ ಗಿಡಗಳ ಬೀಜ ತಾಯಿಮರದಲ್ಲಿ ತೂಗಾಡುತ್ತಿರುವಾಗಲೇ ಮೊಳೆಯುತ್ತದೆ. ಮೊಸಳೆ ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಶಾಖ ನಿರ್ಧರಿಸುತ್ತದೆ. ಸುಮಾರು 31–32 ಡಿಗ್ರಿಯಾದರೆ ಗಂಡು ಜಾಸ್ತಿ, ಅದಕ್ಕಿಂತ ತಣ್ಣಗಿದ್ದರೆ ಹೆಣ್ಣು. ದಾಂಗಮಾಲ್‌ನ ಮೊಸಳೆ ಕೇಂದ್ರದಲ್ಲಿ ಇದನ್ನು ಕೇಳಲು ಹೇಳಿ. ಕಡಲಾಮೆ ಮೊಟ್ಟೆ ಇಡುವುದನ್ನು ತೋರಿಸುತ್ತೇನೆ ಎಂದು ಮಾತ್ರ ಮಾತು ಕೊಡಬೇಡಿ. ಉದ್ಯಾನದ ಪಕ್ಕದ ಗಹಿರ್‌ಮಠ ಕಡಲತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಸಾವಿರಗಟ್ಟಲೆ ದಡಕ್ಕೆ ಬರುವುದು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚಿನಲ್ಲಿ. ಆಗಲೂ ಆ ದಡಗಳಿಗೆ ಪ್ರವಾಸಿಗರನ್ನು ಸುಮ್ನೆ ಬಿಡುವುದಿಲ್ಲ.

ಎಲ್ಲಿ ಉಳಿಯುವುದು? ಭುವನೇಶ್ವರದಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರುವ ಪ್ಯಾಕೇಜುಗಳಿವೆ. ಹೋಗಲು ಸುಮಾರು ನಾಲ್ಕು ಗಂಟೆ ಕಾರು, ಮೂರು ಗಂಟೆ ದೋಣಿ, ಮತ್ತೆ ನಾಲ್ಕು ಗಂಟೆ ಕಾರು. ನಿಮ್ಮ ಮಗನ ಜೊತೆ ಇದನ್ನು ಮಾಡಬೇಡಿ, ನಿಮಗೂ ಒಳ್ಳೆಯದಲ್ಲ. ಕಾಡಿನೊಳಗೆ ದಾಂಗಮಾಲ್‌ನಲ್ಲೇ ಉಳಿಯುವುದು ನಿಜಕ್ಕೂ ಚೆಂದ. ಸಂಜೆ ಅಂಗಳದ ಹತ್ತಿರವೇ ಜಿಂಕೆ ಮೇಯುತ್ತವೆ. ಆದರೆ ರಾತ್ರಿ ಮಗುವಿಗೆ ಜ್ವರ, ವಾಂತಿ ಬಂದರೆ ಆಸ್ಪತ್ರೆ ಪಕ್ಕದಲ್ಲಿಲ್ಲ. ಮಗನಿಗೆ ಜ್ವರ ಬಂದಾಗ ಫಿಟ್ಸ್ ಬರುವುದು, ಉಬ್ಬಸ ಇಂಥದ್ದು ಇದ್ದರೆ ನಾನು ಬೇಡ ಅನ್ನುತ್ತೇನೆ. ಏನೂ ಇಲ್ಲದಿದ್ದರೆ ಒಂದು ರಾತ್ರಿ ಅಡ್ಡಿಯಿಲ್ಲ. ಮೂರನೆಯ ದಾರಿ ಕಾಡಿನ ಹೊರಗೆ, ರಾಜನಗರ ಅಥವಾ ಖೋಲಾ, ಗುಪ್ತಿ ಪ್ರವೇಶದ್ವಾರಗಳ ಕಡೆ ಎರಡು ರಾತ್ರಿ ಉಳಿದು, ಒಂದು ದಿನ ಅರ್ಧ ಹೊತ್ತು ಒಳಗೆ ಹೋಗಿಬರುವುದು. ಕಾಡಿನ ಸಂಜೆ ತಪ್ಪುತ್ತದೆ, ಆದರೆ ಕಾರು ಬಾಗಿಲಲ್ಲೇ ಇರುತ್ತದೆ. ನೀವು ಕೊಟ್ಟ ವಿವರ ನೋಡಿದರೆ ನಿಮಗೆ ಇದೇ ಸರಿ. ಎರಡನೆಯ ದಿನ ಮಗನನ್ನು ಒಬ್ಬರು ನೋಡಿಕೊಂಡು, ಇನ್ನೊಬ್ಬರು ಮಗಳ ಜೊತೆ ಇನ್ನೊಂದು ಸುತ್ತು ದೋಣಿಯಲ್ಲಿ ಹೋಗಬಹುದು. ಅವಳು ಅದನ್ನು ಮರೆಯುವುದಿಲ್ಲ.

ಡಿಸೆಂಬರ್ ಕೊನೆಯ ವಾರ ಜನಜಂಗುಳಿ, ಆದ್ದರಿಂದ ಅರಣ್ಯ ಇಲಾಖೆಯ 'ಇಕೋಟೂರ್ ಒಡಿಶಾ' ಜಾಲತಾಣದಲ್ಲಿ ಬೇಗ ಕಾಯ್ದಿರಿಸಿ. ಎಲ್ಲರ ಗುರುತಿನ ಚೀಟಿ ಇರಲಿ. ಪ್ರವಾಸ ಮುಂದೆ ಹೋದರೆ ಗಮನದಲ್ಲಿಡಿ: ಜನವರಿಯಲ್ಲಿ ಮೊಸಳೆ ಗಣತಿಗೆ ಕೆಲವು ದಿನ ಉದ್ಯಾನ ಮುಚ್ಚುತ್ತಾರೆ. ಮೊಸಳೆ ಗೂಡು ಕಟ್ಟುವ ಮೇ, ಜೂನ್, ಜುಲೈನಲ್ಲಂತೂ ಪೂರ್ತಿ ಮುಚ್ಚಿರುತ್ತದೆ. ಹೋಗುವ ವಾರ ಹವಾಮಾನವನ್ನೂ ನೋಡಿ. ಇದು ಚಂಡಮಾರುತಗಳ ಕರಾವಳಿ. 2024ರ ಅಕ್ಟೋಬರ್‌ನಲ್ಲಿ ದಾನಾ ಚಂಡಮಾರುತ ದಡಕ್ಕೆ ಬಂದದ್ದು ಈ ಕಾಡಿನ ಪಕ್ಕದಲ್ಲೇ. ಡಿಸೆಂಬರ್ ಕೊನೆಗೆ ಆ ಕಾಟ ಕಡಿಮೆ, ಆದರೆ ಬಂದರುಗಳಲ್ಲಿ ಎಚ್ಚರಿಕೆ ಕೊಟ್ಟಿದ್ದರೆ ದೋಣಿಯವರನ್ನು ಒತ್ತಾಯ ಮಾಡಬೇಡಿ.

ಇಷ್ಟಾದರೂ ಅಳುಕು ಹೋಗದಿದ್ದರೆ ಮೊದಲು ಹೊನ್ನಾವರಕ್ಕೆ ಹೋಗಿಬನ್ನಿ. ಶರಾವತಿ ಹಿನ್ನೀರಿನಲ್ಲಿ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ನಡೆದಾರಿ ಇದೆ. ಅದೇ ಬೇರು, ಅದೇ ಕೆಸರು, ಅದೇ ಏಡಿ. ಅರ್ಧ ಗಂಟೆ ಮಗನ ಕೈ ಹಿಡಿದು ನಡೆಸಿ ನೋಡಿ. ಕಂಬಿ ಹತ್ತಲು ಹೋಗುತ್ತಾನಾ, ನಿಲ್ಲು ಅಂದರೆ ನಿಲ್ಲುತ್ತಾನಾ? ನಿಂತರೆ ಜಾಕೆಟ್ ಕೊಳ್ಳಿ, ಟಿಕೆಟ್ ಮಾಡಿಸಿ. ನಿಲ್ಲದಿದ್ದರೆ ಈ ಸಲ ನೀವೂ ಮಗಳೂ ಹೋಗಿ, ಅವನು ಪುರಿಯಲ್ಲಿ ಅಪ್ಪನ ಜೊತೆ ಮರಳಿನಲ್ಲಿ ಆಡಿಕೊಂಡಿರಲಿ. ಮೊಸಳೆಗೆ ಆಯುಸ್ಸು ಬೇಕಾದಷ್ಟಿದೆ, ಅವನಿಗೆ ಏಳಾದಾಗಲೂ ಅದೇ ದಡದಲ್ಲಿ ಮಲಗಿರುತ್ತದೆ.